ಕುಸುಮಕ್ಕನ ಗಿಳಿಕೋಲು

ಅಗ್ರಹಾರದ ನಮ್ಮ ಬೀದಿಯಲ್ಲಿ ಕುಸುಮಕ್ಕನ ಮನೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಟಕ್ ಟಕ್ ಸದ್ದು ಹಿಡಿದು ನಡೆದರೆ ಸಾಕಿತ್ತು. ಮರದ ಕೆತ್ತನೆ ಅವರು ಅಪ್ಪನಿಂದ ಕಲಿತದ್ದು. ಮದುವೆಯಾದ ಮೇಲೂ ಉಳಿ ಬಿಡಲಿಲ್ಲ, ಹಾಗಾಗಿ ಸಂಸಾರವೂ ಉಳಿಯಿತು.

ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ ಕೈಕೊಟ್ಟಿತು. ಬೆರಳೆಲ್ಲ ಒಳಕ್ಕೆ ಮಡಚಿ ಮುಷ್ಟಿಯಾದದ್ದು ಮತ್ತೆ ಬಿಚ್ಚಲಿಲ್ಲ. ಯಾರೇ ಎದುರು ಬಂದು ಕೂತರೂ ಗುದ್ದುವುದಕ್ಕೆ ತಯಾರಾಗಿರುವಂತೆ ಕಾಣುತ್ತಿತ್ತು. ಎಡಗೈಗೆ ಊರುಗೋಲು ಬಂತು. ಅದೂ ಅವರೇ ಹಿಂದೆ ಬೀಟೆ ಮರದಲ್ಲಿ ಕೆತ್ತಿದ್ದು, ಹಿಡಿಯೇ ಒಂದು ಗಿಳಿ. ಗಂಡನಿಗೆಂದು ಮಾಡಿದ್ದರು. ಆತ ‘ನಂಗಿನ್ನೂ ವಯಸ್ಸಾಗಿಲ್ಲ’ ಅನ್ನುತ್ತಲೇ ಕೋಲು ಮುಟ್ಟದೆ ತೀರಿಕೊಂಡಿದ್ದರು.

ಒಂದು ಬೆಳಿಗ್ಗೆ ಹೊಸ್ತಿಲು ದಾಟುವಾಗ ಕೋಲು ಕೈಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಗಿಳಿಯ ತಲೆ ಮುರಿದು ಚರಂಡಿಗೆ ಹಾರಿತು. ಹುಟ್ಟಿದಾಗಿನಿಂದ ಆ ಗಿಳಿ ಹಾರಿದ್ದು ಅದೊಂದೇ ಸಲ.

ಮಗ ದಿಲೀಪ್ ಮೆಡಿಕಲ್ ಶಾಪಿನಿಂದ ನಾಲ್ಕು ಕಾಲಿನ ಅಲ್ಯೂಮಿನಿಯಂ ಕೋಲು ತಂದ.

“ನನ್ನೆರಡು ಸೇರಿದ್ರೆ ಆರಾಯ್ತಲ್ಲೋ. ಜಿರಳೆ ಮಾಡ್ಬುಟ್ಟೆ ಕಣೋ ನನ್ನ” ಅಂದರು ಕುಸುಮಕ್ಕ.

ದಿಲೀಪ್ ಕೆಟ್ಟವನಲ್ಲ. ಅಮ್ಮನ ಉಳಿಗಳಿಗೆ ತುಕ್ಕು ಹಿಡಿಯುವುದನ್ನು ನೋಡಲಾರದೆ, ಇಡೀ ಪೆಟ್ಟಿಗೆಯನ್ನು ಅಶೋಕಪುರಂನಲ್ಲಿ ಮರಗೆಲಸ ಮಾಡುವ ಮಹೇಂದ್ರನಿಗೆ ಕೊಡುವುದಾಗಿ ಮಾತಾಡಿಬಿಟ್ಟಿದ್ದ. ಭಾನುವಾರ ಬಂದು ಒಯ್ಯುವುದು ಅಂತ ಆಗಿತ್ತು. ಕುಸುಮಕ್ಕ ಜಗಳಕ್ಕೆ ಹೋಗಲಿಲ್ಲ. ಅಷ್ಟರೊಳಗೆ ಗಿಳಿಗೆ ಹೊಸ ತಲೆ ಕೆತ್ತಿ ಕೂರಿಸಿದರೆ ಉಳಿ ತಮ್ಮದು, ಆಗದಿದ್ದರೆ ಮಹೇಂದ್ರನದು ಅಂದರು.

ಮರದ ತುಂಡನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಉಳಿ ಹಿಡಿದರು. ಉಳಿ ಒತ್ತಿದಷ್ಟೂ ತುಂಡು ಜಾರಿತು. ಪಕ್ಕದ ಮನೆಯವನು ಅನ್ನುವ ಸಲುಗೆಯಿಂದ ನಾನು ಹಿಡಿದುಕೊಂಡೆ. ನನ್ನ ಕೈಯಲ್ಲಿ ಅದು ಇನ್ನೂ ಚೆನ್ನಾಗಿ ಕುಣಿಯಿತು. ನೀವು ಕಾಫಿ ಲೋಟ ಹಿಡ್ಕೊಂಡಿದ್ರೆ ಸಾಕು ಅಂತ ನನ್ನನ್ನು ಕೂರಿಸಿದರು. ಶುಕ್ರವಾರದ ಹೊತ್ತಿಗೆ ತುಂಡಿನ ಮೇಲೆ ಗೀರುಗಳಷ್ಟೇ ಮೂಡಿದ್ದವು.

ಉಗುರು ಅಂಗೈಗೆ ಚುಚ್ಚದಿರಲಿ ಅಂತ ಆ ಮುಷ್ಟಿಯೊಳಗೆ ಒಂದು ಬಟ್ಟೆಯ ಸುರುಳಿ ಇಟ್ಟಿರುತ್ತಿದ್ದರು. ಶನಿವಾರ ಬೆಳಿಗ್ಗೆ ಸೊಸೆ ವಾಣಿ ಅದನ್ನು ಒಗೆಯಲು ತೆಗೆಯಹೋದಳು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಕುರ್ಚಿ ಜರುಗಿತು, ಬಟ್ಟೆ ಜರುಗಲಿಲ್ಲ. ಕುಸುಮಕ್ಕ ತಮ್ಮ ಮುಷ್ಟಿಯನ್ನು ಯಾರದೋ ಅನ್ನುವ ಹಾಗೆ ನೋಡಿದರು.

“ವಾಣಿ, ಬಟ್ಟೆ ಆಮೇಲೆ ಒಗೆಯೋವಂತೆ. ಅದನ್ನ ಹೆಂಗಾದ್ರೂ ತೆಗೆದು, ಆ ಮರದ ತುಂಡು ಇಲ್ಲಿ ತುರುಕು.”

ವಾಣಿಯೂ ನಾನೂ ಸೇರಿ ಬೆರಳು ಸಡಿಲಿಸಿ ತುರುಕಿದೆವು. ಬೆರಳುಗಳು ಮುಚ್ಚಿಕೊಂಡವು. ತುಂಡು ಗೋಡೆಯಲ್ಲಿ ಹೂತ ಗೂಟದಂತೆ ನಿಂತಿತು.

ಆಮೇಲೆ ನಡೆದದ್ದಕ್ಕೆ ನನ್ನ ತಮಾಷೆ ಸಾಲದು. ಎಡಗೈ ಮೊದಲು ಮಗುವಿನ ಹಾಗೆ ತಡವರಿಸಿತು, ಆಮೇಲೆ ಒಂದೊಂದೇ ತೆಳು ಸಿಪ್ಪೆ ಎಬ್ಬಿಸಿತು. ವರ್ಷವಿಡೀ ಎಲ್ಲರೂ ಬಿಚ್ಚು ಬಿಚ್ಚು ಅಂತ ಬೇಡಿಕೊಂಡ ಕೈ, ಬಿಚ್ಚದೇ ಇದ್ದದ್ದರಿಂದಲೇ ಕೆಲಸಕ್ಕೆ ಬಂದಿತ್ತು. ವಾಣಿ ಒಲೆ ಮೇಲೆ ಹಾಲಿಟ್ಟದ್ದನ್ನೇ ಮರೆತು ನಿಂತಿದ್ದಳು. ಮಧ್ಯಾಹ್ನಕ್ಕೆ ಕೊಕ್ಕು ಬಂತು, ಆಮೇಲೆ ಕಣ್ಣು. ಹಳೆಯ ಗಿಳಿ ನೆಟ್ಟಗೆ ಮುಂದೆ ನೋಡುತ್ತಿತ್ತು. ಇದು ಕತ್ತು ಓರೆ ಮಾಡಿ ಹಿಡಿದವರ ಮುಖವನ್ನೇ ನೋಡುತ್ತಿತ್ತು.

ಬಿದಿರಿನ ಮೊಳೆ ಕೂರಿಸಲು ತೂತು ಕೊರೆದದ್ದು ನಾನು. ಈ ಕಥೆಯಲ್ಲಿ ನನ್ನ ಪಾಲು ಒಂದು ತೂತು. ಅಂಟು ಸವರಿ ತಲೆ ಕೂರಿಸಿದ ಮೇಲೆ ಇಡೀ ಹಿಡಿಯನ್ನು ಅದೇ ಮುಷ್ಟಿಗೆ ಒಪ್ಪಿಸಿದರು. ಅಂಟು ಒಣಗುವವರೆಗೆ ಟಿವಿಯಲ್ಲಿ ಎರಡು ಧಾರಾವಾಹಿ ಮುಗಿದವು. ಮುಷ್ಟಿ ಒಂದು ಎಳೆಯಷ್ಟೂ ಸಡಿಲಲಿಲ್ಲ. ಬಿಡಿಸುವ ಸರದಿ ಮತ್ತೆ ನಮ್ಮದು.

“ಮೆಲ್ಲಗೆ ಕಣ್ರೀ. ಬೆರಳು ಮುರಿದ್ರೂ ಪರವಾಗಿಲ್ಲ, ಕೊಕ್ಕು ಮುರೀಬಾರ್ದು.”

ಭಾನುವಾರ ಮಹೇಂದ್ರ ಬಂದ. ಕೋಲು ಎತ್ತಿಕೊಂಡು ಕೂಡಿಸಿದ ಜಾಗದ ಮೇಲೆ ಹೆಬ್ಬೆರಳು ಓಡಿಸಿದ, ಮತ್ತೊಮ್ಮೆ ಓಡಿಸಿದ, ಕುಸುಮಕ್ಕನ ಕೈಗೇ ಕೊಟ್ಟ. ಬರಿಗೈಯಲ್ಲಿ ಹೊರಡಲು ಎದ್ದವನನ್ನು ಕುಸುಮಕ್ಕನೇ ಕೂರಿಸಿದರು. ಪೆಟ್ಟಿಗೆ ತರಿಸಿ, ಸಣ್ಣ ಉಳಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡು, ದಪ್ಪ ಉಳಿಗಳನ್ನೂ ಅವಕ್ಕೆ ಹೊಡೆಯುವ ಮರದ ಕೊಡತಿಯನ್ನೂ ಅವನ ಕಡೆ ತಳ್ಳಿದರು.

“ಕೊಡತಿ ಹೊಡೆಯೋಕೆ ಎರಡು ಕೈ ಆಡ್ಬೇಕು. ಇವು ನಿಂಗೆ ಕಣಪ್ಪ. ಮಿಕ್ಕಿದ್ದು ಕೇಳ್ಬೇಡ.”

ಮಹೇಂದ್ರ ಅವುಗಳನ್ನು ಕಣ್ಣಿಗೊತ್ತಿಕೊಂಡ. ದಿಲೀಪ್ ಅವನನ್ನು ಬೀದಿಯ ತನಕ ಕಳಿಸಿ ಬರುವಷ್ಟರಲ್ಲಿ ಕುಸುಮಕ್ಕ ಇನ್ನೊಂದು ಬೀಟೆ ತುಂಡು ಹುಡುಕಿಕೊಂಡು ಸೊಸೆಯ ಮುಖ ನೋಡುತ್ತಿದ್ದರು. ವಾಣಿ ಬಂದು ಪಕ್ಕದಲ್ಲಿ ಕೂತು, ಬೆರಳು ಒಂದೊಂದೇ ಎತ್ತಿ ಜಾಗ ಮಾಡಿಕೊಟ್ಟಳು.