ಹಸಿರಾದ ಬಾವಿ

ವರ್ಷಾ ಬೆಳಗಿನ ಚಹಾಕ್ಕೂ ಮುಂಚೆ, ಗುಂಡುಕಲ್ಲು ಕಟ್ಟಿದ ಹಗ್ಗವನ್ನು ಹಿತ್ತಲ ಬಾವಿಗೆ ಇಳಿಬಿಟ್ಟು ನೀರು ಎಷ್ಟು ಕೆಳಗಿಳಿದಿದೆ ಎಂದು ನೋಡುತ್ತಾಳೆ. ಜ್ವರ ಬಂದರೂ ತಪ್ಪಿಸುವುದಿಲ್ಲ. ಕಲಬುರಗಿಯಲ್ಲಿ ಪರಿಸರ ಭೂವಿಜ್ಞಾನ ಓದುವಾಗ ಹತ್ತಿದ ರೂಢಿ ಅದು. ಜೊತೆಗೆ ಓದಿದವರಲ್ಲಿ ಒಬ್ಬಳು ಗಣಿ ಇಲಾಖೆ ಸೇರಿದಳು, ಒಬ್ಬ ಹೆದ್ದಾರಿ ಕಟ್ಟುವವರಿಗೆ ಮಣ್ಣು ಪರೀಕ್ಷಿಸಿ ಕೊಡುತ್ತಾನೆ. ವರ್ಷಾ ತನ್ನೂರು ಘಾಟಬೋರಾಳದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಿ, ನೀರು ತಪಾಸಣೆಯ ಲ್ಯಾಬಿನಲ್ಲಿ ದುಡಿಯುತ್ತಾಳೆ.

ಹೋದ ಬೇಸಿಗೆಯಲ್ಲಿ ನೆರೆಯ ಕಾಶಿರಾಮನ ಎಮ್ಮೆಗಳು ಅವನದೇ ಬಾವಿಯ ನೀರು ಕುಡಿದು ನೊರೆ ಕಾರಿ ಸತ್ತವು. ಅವನಿಗೂ ವರ್ಷಾಳ ಕಾಕಾ ಪಂಡರಿಗೂ ಬದುವಿನ ಜಗಳವಿತ್ತು. ಪಂಡರಿಯೇ ವಿಷ ಹಾಕಿದನೆಂದು ಕಾಶಿರಾಮ ಕೊಡಲಿಯ ಕಾವಿನಿಂದ ಅವನ ತಲೆ ಒಡೆದ. "ಇವನ ಜೀವ ಉಳೀತಂದ್ರ ಮತ್ತ ಬರ್ತೀನಿ," ಎಂದು ಹೇಳಿ ಹೋದ.

ಗುಡ್ಡದ ಮೇಲೆ ಗುತ್ತೇದಾರ ಓಂಪ್ರಕಾಶನ ಬತ್ತಿದ ಬಾವಿಯಿದೆ. ಕಾರ್ಖಾನೆಗಳ ಹೊಲಸು ನೀರನ್ನು ಟ್ಯಾಂಕರಿನಲ್ಲಿ ತಂದು ಅದಕ್ಕೆ ಸುರಿಸುತ್ತಿದ್ದ. ಒಣಬಾವಿ, ಅಲ್ಲೇ ಇಂಗಿ ಹೋಗುತ್ತದೆ ಎಂದು ಊರೆಲ್ಲ ನಂಬಿತ್ತು. ಆದರೆ ಇಲ್ಲಿಯ ಕೆಂಪು ಕಲ್ಲು ತೂತುಮಯ. ಮೇಲೆ ಸುರಿದದ್ದು ಕೆಳಗಿನ ಬಾವಿಗೆ ಬರಲೇಬೇಕು. ಅದನ್ನು ತೋರಿಸಿ, ಆಸ್ಪತ್ರೆ ಸೇರಿದ್ದ ಕಾಕಾನನ್ನು ಕಾಶಿರಾಮನಿಂದ ಉಳಿಸಲು ವರ್ಷಾ, ಅಪಾಯವಿಲ್ಲದ ಹಸಿರು ಬಣ್ಣವನ್ನು ಒಣಬಾವಿಗೆ ಹಾಕಿದಳು. ಓಂಪ್ರಕಾಶ ತಡೆದಾನೆಂದು ಯಾರಿಗೂ ಹೇಳಲಿಲ್ಲ.

ಕೆಲವೇ ದಿನಗಳಲ್ಲಿ ಕಾಶಿರಾಮನ ಬಾವಿ ಹಸಿರಾಯಿತು. ತಪಾಸಣೆಗೆ ನೀರು ತುಂಬಿಕೊಳ್ಳಲು ವರ್ಷಾ ಬಾಟಲಿ ಹಿಡಿದು ಬಾವಿಯೊಳಗೆ ಬಾಗಿದ್ದನ್ನು ಅವನು ಕಂಡ.

"ನಿಮ್ಮ ಕಾಕಾ ಎಮ್ಮಿ ಕೊಂದ. ನೀ ಮಂದೀನ ಕೊಲ್ಲಾಕತ್ತೀ ಏನ?"

"ತಡೀರಿ, ಇದು ನಾ ಹಾಕಿದ ಬಣ್ಣ, ಮ್ಯಾಲಿನ ಬಾವ್ಯಾಗ..."

"ಹಾಕೀನಿ ಅಂತ ಆಕೀನೇ ಹೇಳಾಕತ್ತಾಳ, ಕೇಳ್ರಿ," ಎಂದು ಕಾಶಿರಾಮ ಊರವರನ್ನು ಕೂಗಿ ಕರೆದ.

ಕೂಡಿದ ಗುಂಪು ಅವಳ ಮೇಲೆ ಮುಗಿಬಿದ್ದಿತು. ಬಡಿಗೆಯ ಪೆಟ್ಟಿಗೆ ಎಡಗೈ ಮುರಿಯಿತು, ಹಲ್ಲುಗಳು ಉದುರಿದವು. ದೇವರ ದಯೆ, ಕಣ್ಣಿಗೆ ಪೆಟ್ಟಾಗಲಿಲ್ಲ. ಬಾಯಿ ತುಂಬ ರಕ್ತ ಇಟ್ಟುಕೊಂಡೇ ಅವಳು, "ಮ್ಯಾಲ ಹೋಗಿ ನೋಡ್ರಿ," ಎನ್ನುತ್ತಿದ್ದಳು.

ಕಾಶಿರಾಮನ ಹೆಂಡತಿ ಯಶೋದಾಬಾಯಿ ಹೋಗಿ ನೋಡಿದಳು. ಒಣಬಾವಿಯ ಕಲ್ಲಿಗೆ ಅದೇ ಹಸಿರು ಮೆತ್ತಿತ್ತು. ಟ್ಯಾಂಕರು ಸುರಿಯುತ್ತಿದ್ದ ನೀರಿಗೆ, ಸತ್ತ ಎಮ್ಮೆಗಳ ನೊರೆಗಿದ್ದ ನಾತವೇ ಇತ್ತು. ಅವಳ ಮಾತು ಕೇಳಿದ ಮೇಲೆ ಅವೇ ಬಡಿಗೆಗಳು ಗುಡ್ಡ ಹತ್ತಿ ಟ್ಯಾಂಕರಿನ ಗಾಜನ್ನೂ ಚಾಲಕನ ಕಾಲನ್ನೂ ಮುರಿದವು.

ವರ್ಷಾ ಮಲಗಿದ್ದ ಬಸವಕಲ್ಯಾಣದ ಆಸ್ಪತ್ರೆಗೆ ಓಂಪ್ರಕಾಶ ಮೋಸಂಬಿ ತಂದ. ಪಕ್ಕದ ವಾರ್ಡಿನಲ್ಲಿ ಪಂಡರಿಗೆ ಇನ್ನೂ ಮಾತು ಬಂದಿರಲಿಲ್ಲ.

"ಹೈದರಾಬಾದ್‌ನಾಗ ನಮ್ಮ ದೋಸ್ತಂದು ಕಂಪನಿ ಅದ, ಬೇಟಿ. ಎ.ಸಿ. ಆಫೀಸ. ಈ ಬಾವಿ-ಗೀವಿ ಯಾಕ ಬೇಕು ನಿನಗ? ಅವಗ ಒಂದು ಮಾತು ಹೇಳ್ತೀನಿ, ನೌಕರಿ ಪಕ್ಕಾ."

ವರ್ಷಾ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ಬ್ಯಾಡ್ರಿ. ನನಗ ನೌಕರಿ ಅದ. ನಿಮ್ಮ ಬಾವಿ ನೀರು ತಪಾಸ ಮಾಡೂದು ಇನ್ನಾ ಉಳಿದದ."