ಗೌರಿ, ಆ ದಿನ ನಾನು ಬಂದಿದ್ದೆ

ಗೌರಿ, ಆ ದಿನ ನನಗೆ ಬಸ್ಸು ತಪ್ಪಿರಲಿಲ್ಲ. ನಾಲ್ಕು ವರ್ಷದಿಂದ ನಿನಗೆ ಸುಳ್ಳು ಹೇಳುತ್ತ ಬಂದಿದ್ದೇನೆ. ನಿನ್ನ ಅವ್ವ — ನನ್ನ ಅಕ್ಕ — ಕೊನೆಯ ಸಲ ನನ್ನನ್ನು ಕೇಳುತ್ತ ಮಲಗಿದ್ದ ಹೊತ್ತಿನಲ್ಲಿ ನಾನು ಅದೇ ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತಿದ್ದೆ.

"ಚಿಗವ್ವಾ, ಅವ್ವ ನಿನ್ನ ಕೇಳಾಕತ್ತಾಳ, ಲಗೂನ ಬಾ" ಎಂದು ನೀನು ಬೆಳಿಗ್ಗೆ ಫೋನ್ ಮಾಡಿದಾಗ, ಹೊಲಿಯುತ್ತಿದ್ದ ಕುಬಸವನ್ನು ಮಷಿನ್ನಿನಲ್ಲೇ ಬಿಟ್ಟು ಕಿತ್ತೂರಿನಿಂದ ಹೊರಟೆ. ಬೈಲಹೊಂಗಲ ಮುಟ್ಟಿದಾಗ ಇನ್ನೂ ಹನ್ನೊಂದು ಆಗಿರಲಿಲ್ಲ. ಆಸ್ಪತ್ರೆಯೊಳಗೆ ಕಾಲಿಟ್ಟೆ — ಟ್ಯೂಬ್‌ಲೈಟಿನ ಗುಂಯ್ ಸದ್ದು, ಫಿನಾಯಿಲ್ ವಾಸನೆ, ಯಾರದೋ ಮೊಬೈಲಿನ ಹಾಡು, ಸ್ಟ್ರೆಚರಿನ ಗಾಲಿಗಳ ಕಿರ್ರೆನ್ನುವ ಸದ್ದು — ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿದವು. ಅಂಥ ಹೊತ್ತಿನಲ್ಲಿ ನನಗೆ ಮಾತು ಬರುವುದಿಲ್ಲ, ಕಾಲು ಮುಂದೆ ಸಾಗುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಜನ ಹುಚ್ಚಿ ಅಂದರು, ಸೊಕ್ಕು ಅಂದರು. ಅಕ್ಕ ಒಬ್ಬಳೇ ಏನೂ ಅನ್ನದೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ನಿಲ್ಲುತ್ತಿದ್ದಳು, ಉಸಿರು ಹದಕ್ಕೆ ಬರುವ ತನಕ. ಆ ದಿನ ಹಿಡಿಯಬೇಕಾದವಳೇ ಮೇಲಿನ ಮಹಡಿಯಲ್ಲಿ ಮಲಗಿದ್ದಳು.

ಮೆಟ್ಟಿಲ ಮೇಲೆ ನೀನು ಕಂಡೆ. ಕೈಯಲ್ಲಿ ಔಷಧದ ಚೀಟಿ, ಕೆದರಿದ ಕೂದಲು. ನೀನು ನನ್ನನ್ನು ನೋಡಲಿಲ್ಲ. ನಾನು ಕಂಬದ ಹಿಂದೆ ಸರಿದೆ — ಹೌದು, ಸರಿದೆ. ಆಮೇಲೆ ಹೊರಗೆ ಬಂದು ಸಿಕ್ಕ ಬಸ್ಸು ಹತ್ತಿ ಕಿತ್ತೂರಿಗೆ ಮರಳಿದೆ. ಮಧ್ಯಾಹ್ನ ನೀನು ಮತ್ತೆ ಫೋನ್ ಮಾಡಿದಾಗ "ಬಸ್ಸು ತಪ್ಪಿತವ್ವಾ, ನಾಳಿ ಬರತೇನಿ" ಅಂದೆ.

ಸಂಜೆಗೆ ಅಕ್ಕ ಹೋದಳು.

ಸಿರಸಂಗಿಯ ನಿಮ್ಮ ಮನೆಯಲ್ಲಿ ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಹಿತ್ತಲಲ್ಲಿ ಕುಳಿತು ಬಂದವರ ಚಹಾದ ಕಪ್ಪುಗಳನ್ನು ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. "ಒಡಹುಟ್ಟಿದಾಕಿ ಸತ್ರೂ ಕಣ್ಣಾಗ ಹನಿ ನೀರಿಲ್ಲ, ನೋಡ್ರಿ" ಎಂದು ಯಾರೋ ಅಂದಾಗ ನೀನು ಎದ್ದು ಬಂದೆ.

"ಆಕಿಗೇನೂ ಅನಬ್ಯಾಡ್ರಿ. ನಾನ ತಡಾ ಮಾಡಿ ಫೋನ್ ಮಾಡಿದೆ. ಇಲ್ಲಾಂದ್ರ ಬಂದು ಅವ್ವನ ಮಾರಿ ನೋಡ್ತಿದ್ಲು."

ಆಗಲೇ ಹೇಳಬೇಕಿತ್ತು. ಇನ್ನೊಂದು ಕಪ್ಪು ತೊಳೆಯಲು ಎತ್ತಿಕೊಂಡೆ. ಪ್ರತಿ ವರ್ಷ ಅಕ್ಕನ ಪುಣ್ಯತಿಥಿಗೆ ನೀನು ಅದೇ ಮಾತು ಹೇಳಿ ಅಳುತ್ತೀ. ನನ್ನ ಸುಳ್ಳನ್ನು ನಿನ್ನ ತಪ್ಪೆಂದು ಹೊತ್ತುಕೊಂಡಿದ್ದೀ, ನಾನು ನೋಡುತ್ತ ಕುಳಿತಿದ್ದೇನೆ.

ಕಳೆದ ವರ್ಷ ಧಾರವಾಡದಲ್ಲಿ ಒಬ್ಬ ಡಾಕ್ಟರು ನನ್ನ ಈ ಸ್ವಭಾವಕ್ಕೆ ಹೆಸರು ಹೇಳಿದರು — ಆಟಿಸಂ. ನಲವತ್ತಾರನೇ ವಯಸ್ಸಿಗೆ. ಆ ಕಾಗದ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕುಳಿತಾಗ, ಮೊದಲು ಅಕ್ಕನಿಗೆ ಹೇಳಬೇಕು ಅನ್ನಿಸಿತು. ಫೋನನ್ನೂ ತೆಗೆದೆ — ಆಕೆಯ ನಂಬರು ಇನ್ನೂ ಇದೆ — ಆಗ ಅಳು ಬಂತು. ಮೂರು ವರ್ಷ ತಡವಾಗಿ, ಗುರುತಿಲ್ಲದ ಜನರ ನಡುವೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಕಡೆ ಹೋಗಿ ಕುಳಿತರು.

ನನಗೆ ಮೇಲೆ ಹತ್ತಿ ಬರಲಾಗದ್ದು ಆ ಹೆಸರಿನಿಂದ ನಿನಗೆ ಅರ್ಥವಾದೀತು. ಆದರೆ ಸುಳ್ಳು ಹೇಳಿದ್ದು — ಅದು ನಾನೇ. 'ಗೌರಿ, ಕೆಳಗ ನಿಂತೇನಿ, ಬಂದು ಕೈ ಹಿಡಿ' — ಇಷ್ಟನ್ನು ಮೊಬೈಲಿನಲ್ಲಿ ಬರೆದು ಕಳಿಸಬಹುದಿತ್ತು. ನೀನು ಓಡಿ ಬರುತ್ತಿದ್ದೆ. ನಾಚಿಕೆಪಟ್ಟೆ, ಕಳಿಸಲಿಲ್ಲ.

ಎದುರಿಗೆ ನಿಂತು ಹೇಳಲು ನನಗೆ ಆಗದು, ಅದಕ್ಕೆ ಬರೆದಿದ್ದೇನೆ. ಸೋಮವಾರ ಈ ಕಾಗದವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಒಳಗೆ ಕರೆಯಲೇಬೇಕೆಂದಿಲ್ಲ. ನೀನು ಏನೇ ಅಂದರೂ ಎದ್ದು ಹೋಗುವುದಿಲ್ಲ.