ಬಾಣಂತಿ ಕರಡಿಯ ಸ್ಟಾಪು

ಕೂಡ್ಲಿಗಿಯಿಂದ ಕಾನಹೊಸಹಳ್ಳಿ ಮೇಲೆ ಗುಡೇಕೋಟೆಗೆ ಹೋಗುವ ಬಸ್ಸಿನ ಕಂಡಕ್ಟರ್ ಸುಮಂಗಲಾ ದಾರಿ ಹೇಳುವುದರಲ್ಲಿ ಎತ್ತಿದ ಕೈ. ಗಂಡ ಮಾರೇಶ್ ಸಕ್ಕರೆ ಡಬ್ಬಿ ಎಲ್ಲೈತಿ ಎಂದು ಕೇಳಿದರೂ, "ಒಳಗ ಹೋಗ್ರಿ, ಎಡಕ್ಕ ಹೊಳ್ರಿ, ಎಣ್ಣಿ ಡಬ್ಬಿ ಆದಮ್ಯಾಲಿಂದು" ಎನ್ನುವಾಕೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಂಡಕ್ಟರಿಕೆಯ ಗುಣ ಹುಟ್ಟಿನದಲ್ಲ, ಆದರೂ ಸುಟ್ಟರೆ ಹೋಗುತ್ತಿತ್ತು ಎಂದು ನನಗೆ ಅನಿಸುವುದಿಲ್ಲ. ಈ ಗುಣವೇ ಆಕೆಯನ್ನು ಒಂದು ಪೇಚಿಗೆ ಸಿಕ್ಕಿಸಿತು.

ಕೂಡ್ಲಿಗಿಯ ಒಂದು ಮಹಡಿ ಮೇಲಿನ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಮಾತುಕತೆ ನಡೆಯುತ್ತದೆ. ನಡೆಸುವವರು ನಿವೃತ್ತ ಮೇಷ್ಟ್ರು ಕೊಟ್ರಬಸಪ್ಪ. ಒಂದು ತಿಂಗಳು ಹರಪನಹಳ್ಳಿಯ ಪಾಳೆಯಗಾರರ ವಿಷಯ, ಇನ್ನೊಂದು ತಿಂಗಳು ಅಂಕಸಮುದ್ರದ ಕೆರೆಗೆ ಬರುವ ಹಕ್ಕಿಗಳದ್ದು, ಮತ್ತೊಂದು ತಿಂಗಳು ಬಂಡೆ ಹತ್ತುವಾಗ ಕಾಲು ಎಲ್ಲಿಡಬೇಕು ಎನ್ನುವುದು. ಮಾತು ಮುಗಿದ ಮೇಲೆ ಮಂಡಕ್ಕಿ ಮಿರ್ಚಿ. ಸುಮಂಗಲಾ ಮೊದಲ ಸಲ ಬಂದದ್ದು ಮಿರ್ಚಿಗೇ, ಸುಳ್ಳೇಕೆ ಹೇಳಬೇಕು? ಅವತ್ತು ಕಾನಹೊಸಹಳ್ಳಿಯ ಬೈಕ್ ಮೆಕ್ಯಾನಿಕ್ ಮುಬಶ್ಶಿರ ಗುಡ್ಡ ಹತ್ತುವ ಸುಖದ ಬಗ್ಗೆ ಮಾತಾಡಿದ. ಕೇಳುತ್ತ ಕೇಳುತ್ತ ಆಕೆಗೆ ಮಿರ್ಚಿ ಮರೆತೇ ಹೋಯಿತು. ದಿನಾ ಕಿಟಕಿಯಾಚೆ ಕಾಣುವ ಗುಡ್ಡಗಳು, ಒಂದನ್ನಾದರೂ ಹತ್ತಿದ್ದೇನೆಯೇ ಅನ್ನಿಸಿತು.

ಹೀಗೆ ನಲವತ್ತು ದಾಟಿದ ಮೇಲೆ ಸುಮಂಗಲಾ ಚೂಡಿದಾರ ತೊಟ್ಟು, ಕ್ಯಾನ್ವಾಸ್ ಬೂಟು ಹಾಕಿ, ರಜೆ ಸಿಕ್ಕ ದಿನ ಮುಬಶ್ಶಿರನ ತಂಡದ ಹಿಂದೆ ಗುಡ್ಡ ಹತ್ತತೊಡಗಿದಳು. ಅಕ್ಕಪಕ್ಕದವರು ನಕ್ಕರು. ನಗುವವರ ಮುಂದೆ ಎಡವಿ ಬೀಳಬಾರದೆಂಬ ಹಟಕ್ಕೇ ಆಕೆ ಚೆನ್ನಾಗಿ ಹತ್ತಲು ಕಲಿತಳು.

ಚಳಿ ಕಳೆಯುವ ಹೊತ್ತಿನ ಒಂದು ಸಂಜೆ, ದೂರದ ಬಂಡೆಯೊಂದರ ಮೇಲೆ ಕೂತಿದ್ದಾಗ ಎದುರಿನ ಗವಿಯಿಂದ ಕರಡಿ ಹೊರಬಂತು. ಅದರ ಬೆನ್ನ ಮೇಲೆ ಎರಡು ಮರಿಗಳು, ಉದ್ದ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದವು. ಒಂದು ಜಾರಿತು. ತಾಯಿ ನಿಂತಿತು. ಮರಿ ಮತ್ತೆ ಹತ್ತುವವರೆಗೆ ಕಾದು ನಿಂತು ಆಮೇಲೆ ಮುಂದೆ ಹೋಯಿತು. ಸುಮಂಗಲಾ ಕಣ್ಣೊರೆಸಿಕೊಳ್ಳುವುದನ್ನು ಮುಬಶ್ಶಿರ ನೋಡಿದ.

"ಏನಾತಕ್ಕಾ?"

"ಏನಿಲ್ಲಪಾ, ದೂಳು," ಎಂದಳು.

ಸುದ್ದಿ ಕೇಳಿದ ಕೊಟ್ರಬಸಪ್ಪ ಬಿಡಲಿಲ್ಲ. "ಸುಮಂಗಲಮ್ಮಾರ, ಈ ಸಲ ನೀವ ಮಾತಾಡ್ಬೇಕ್ರಿ. ನಮ್ಮದೊಂದು ನೇಮ ಐತಿ, ನಿಮಗ ಗೊತ್ತಲ್ಲ. ಗೂಡು, ಗವಿ ಎಲ್ಲೈತಿ ಅಂತ ಮಾತ್ರ ಬಾಯಿ ಬಿಡಂಗಿಲ್ಲ."

"ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ?" ಎಂದಳು ಸುಮಂಗಲಾ.

ಮಾತು ಬಹಳ ಚೆನ್ನಾಗಿ ಆಯಿತು. ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು, ಮೈಕು ಬೇಕಾಗಲಿಲ್ಲ. ಮರಿ ಜಾರಿದ್ದು ಹೇಳಿದಾಗ ಹೆಂಗಸರೆಲ್ಲ "ಅಯ್ಯ ಶಿವನೇ" ಎಂದರು. ಕೊನೆಗೆ ಕಾನಹೊಸಹಳ್ಳಿಯ ನಾಗಲಿಂಗಮ್ಮ ಎದ್ದಳು. ಮಹಿಳಾ ಸಂಘದ ಹಿರಿಯಾಕೆ, ಊರಿನ ಅರ್ಧ ಬಾಣಂತನ ಆಕೆಯ ಕೈಯಲ್ಲೇ ಆದದ್ದು.

"ಎಲ್ಲಿ ಕಂಡಿಯವ್ವ ಅದನ್ನ?"

"ಬನ್ನಿಗಿಡ ಸ್ಟಾಪಿನ್ಯಾಗ ಇಳೀರಿ, ಬಲಗಡಿ ಕಾಲ್ದಾರಿ, ಸೀದಾ ಹೋದ್ರ ಗವಿ. ಮುಂಜಾನಿ ನಮ್ಮ ಬಸ್ಸ ಐತಿ."

ಹಾಲಿನಲ್ಲಿ ನಗೆ ಎದ್ದಿತು. ಕೊಟ್ರಬಸಪ್ಪ ಹಣೆ ಹಿಡಿದುಕೊಂಡರು. ಸುಮಂಗಲಾ ನಾಲಿಗೆ ಕಚ್ಚಿಕೊಂಡಳು. ಆದರೇನು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಂಗಳವಾರ ಬೆಳಗಿನ ಬಸ್ಸಿಗೆ ಕಾನಹೊಸಹಳ್ಳಿಯಲ್ಲಿ ಹೆಂಗಸರ ಗುಂಪೇ ಹತ್ತಿತು. ಹೆಂಗಸರಿಗೆ ಬಸ್ಸು ಪುಕ್ಕಟೆ, ಮನೆಯಲ್ಲಿ ಯಾರನ್ನೂ ಕೇಳಬೇಕಿಲ್ಲ. ಎಲ್ಲರ ಕೈಯಲ್ಲೂ ಡಬ್ಬಿ. ಕೊಬ್ಬರಿ, ಬೆಲ್ಲ, ಉತ್ತತ್ತಿ ಹಾಕಿ ಕಟ್ಟಿದ ಅಂಟಿನ ಉಂಡಿಯ ವಾಸನೆ ಬಸ್ಸಿಗೆಲ್ಲ ಹಬ್ಬಿತ್ತು. ಹಡೆದವಳ ಸೊಂಟಕ್ಕೆ ಬಲ ಬರಲೆಂದು ಮಾಡುವ ಉಂಡಿ ಅದು.

"ಇದ್ಯಾರಿಗ್ರಿ?" ಎಂದಳು ಸುಮಂಗಲಾ, ಗೊತ್ತಿದ್ದೂ.

"ಬಾಣಂತಿ ಅದಾಳಲ್ಲವ್ವ ಕರಡೆವ್ವ, ಅದೂ ಅವಳಿ ಜವಳಿ," ಎಂದಳು ನಾಗಲಿಂಗಮ್ಮ. "ಆ ಕಲ್ಲಿನ್ಯಾಗ ಆಕಿಗೆ ಯಾರು ಮಾಡಿಕೊಡ್ತಾರ?"

"ಅದು ಕಾಡುಪ್ರಾಣಿ ಅತ್ತಿ. ಗೆದ್ದಲ ತಿಂದು ಇರ್ತೈತಿ."

"ಗೆದ್ದಲ ತಿಂದ್ರ ಹಾಲು ಬರ್ತೈತೇನ? ನೀ ಸುಮ್ನಿರು."

ಬಸ್ಸಿಗೆ ಬಸ್ಸೇ ನಕ್ಕಿತು. ಸುಮಂಗಲಾ ಏನು ಮಾಡಿಯಾಳು? ಕೇಳಿದ ಸ್ಟಾಪಿಗೆ ಟಿಕೆಟ್ ಕೊಡುವುದಿಲ್ಲ ಎನ್ನಲು ಬರುವುದಿಲ್ಲ. ಎಲ್ಲರಿಗೂ ಶೂನ್ಯ ಟಿಕೆಟ್ ಹರಿದುಕೊಟ್ಟಳು.

ಆಮೇಲೆ ಮಂಗಳವಾರ, ಶುಕ್ರವಾರ ಇದೇ ಕತೆ. ಗವಿಯ ಕೆಳಗಿನ ಬಂಡೆಗೆ ಕುಂಕುಮ ಬಿತ್ತು. ಅರಣ್ಯ ಇಲಾಖೆಯವರು ಎಚ್ಚರಿಕೆಯ ಬೋರ್ಡು ನೆಟ್ಟರೆ ಅದು ಚೀಲ ತೂಗುಹಾಕಲು ಅನುಕೂಲವಾಯಿತು. ಅವರು ಕಾವಲು ನಿಂತಿದ್ದಾಗ ಹೆಂಗಸರು ಡಬ್ಬಿಗಳನ್ನು ಸ್ಟಾಪಿನ ತಂಗುದಾಣದಲ್ಲೇ ಬಿಚ್ಚಿಟ್ಟು ಬಂದರು. ಪಾಪ, ಒಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಕೆಟ್ಟದ್ದಿದ್ದರೆ ಬೈದು ಬಿಡಿಸಬಹುದಿತ್ತು.

ಒಂದು ದಿನ ಹೊತ್ತು ಮುಳುಗುವ ಸಮಯ, ಬನ್ನಿಗಿಡ ಸ್ಟಾಪು ಸಮೀಪಿಸುತ್ತಿದ್ದಂತೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ತಂಗುದಾಣದಲ್ಲಿ ಕರಡಿ ಡಬ್ಬಿಯ ಮುಚ್ಚಳ ನೆಕ್ಕುತ್ತಿತ್ತು. ಮರಿಗಳು ತೆಂಗಿನ ಚಿಪ್ಪು ಉರುಳಿಸುತ್ತಿದ್ದವು. ಈಚೆ ಬನ್ನಿಗಿಡಕ್ಕೆ ಬೆನ್ನು ಒತ್ತಿಕೊಂಡು ಬಸ್ಸಿಗೆ ಬಂದಿದ್ದ ಮುದುಕರೊಬ್ಬರು ನಿಂತಿದ್ದರು. ಮರಿಯೊಂದು ಅವರತ್ತ ಉರುಳಿ ಹೋಯಿತು. ತಾಯಿ ಎರಡು ಕಾಲ ಮೇಲೆ ಎದ್ದು ನಿಂತಿತು. ಡ್ರೈವರ್ ಹಾರ್ನ್ ಒತ್ತಿ ಹಿಡಿದ. ಅದೃಷ್ಟ ಚೆನ್ನಾಗಿತ್ತು, ಕರಡಿ ಮರಿಗಳನ್ನು ಬೆನ್ನಿಗೇರಿಸಿಕೊಂಡು ಪೊದೆಗೆ ನುಗ್ಗಿತು. ಮುದುಕರನ್ನು ಸುಮಂಗಲಾ ರಟ್ಟೆ ಹಿಡಿದು ಹತ್ತಿಸಿದಳು.

"ಇನ್ನೊಂದ್ ಸಲ ಹಿಂಗಾದ್ರ ಊರವ್ರು ಬಡಿಗಿ ಹಿಡೀತಾರಕ್ಕ," ಎಂದ ಮುಬಶ್ಶಿರ, ಸುದ್ದಿ ಕೇಳಿ. "ತಾಯಿ ಹೋದ್ರ ಮರಿ ಉಳಿಯಂಗಿಲ್ಲ."

ಆ ಮಾತು ಸುಮಂಗಲಾಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆಕೆ ಸೀದಾ ಕೊಟ್ರಬಸಪ್ಪನವರ ಮನೆಗೆ ಹೋಗಿ, "ಬರೋ ಭಾನುವಾರದ ಮಾತು ನನಗ ಕೊಡ್ರಿ" ಎಂದಳು. ಆ ಭಾನುವಾರ ಕೋಟೆಯ ಬಗ್ಗೆ ಮಾತಿತ್ತು. ಆಕೆಯ ಮುಖ ನೋಡಿ ಮೇಷ್ಟ್ರು ಕೋಟೆಯನ್ನು ಮುಂದಿನ ತಿಂಗಳಿಗೆ ತಳ್ಳಿದರು.

ಕರಡಿ ಮರಿಗಳ ಹೊಸ ಸುದ್ದಿ ಇರುತ್ತದೆಂದು ಹಾಲಿನ ತುಂಬ ಹೆಂಗಸರು ಬಂದಿದ್ದರು. ನಾಗಲಿಂಗಮ್ಮ ಮುಂದಿನ ಸಾಲಿನಲ್ಲಿದ್ದಳು. ಸುಮಂಗಲಾ ಎದ್ದು ನಿಂತಳು. ಬಸ್ಸಿನಲ್ಲಿ ಕೂಗುವ ದನಿ ಬಿಟ್ಟು ಮೆಲ್ಲಗೆ ಶುರು ಮಾಡಿದಳು.

"ನನಗೊಂದು ಹೆಣ್ಣು ಕೂಸು ಆಗಿತ್ತ್ರಿ," ಎಂದಳು.

ನೌಕರಿಗೆಂದು ಬೇರೆ ಊರಿನಿಂದ ಬಂದಾಕೆ, ಮಕ್ಕಳಿಲ್ಲವೆಂದಷ್ಟೇ ಇಲ್ಲಿಯವರಿಗೆ ಗೊತ್ತಿತ್ತು.

"ದಿನ ತುಂಬೋದರಾಗ ಹುಟ್ಟಿತ್ತು. ಕೂಸು ಸೂಕ್ಷ್ಮ ಐತಿ, ಯಾರನ್ನೂ ಹತ್ತಿರ ಬಿಡಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರು. ನಮ್ಮ ಮಂದಿ ಕೇಳ್ತಾರೇನ್ರಿ? ಬಂದ್ರು, ಎತ್ತಿಕೊಂಡ್ರು. ಒಬ್ರು ಜೇನು ನೆಕ್ಕಿಸಿದ್ರು, ಒಬ್ರು ಗಲ್ಲಕ್ಕ ಮುದ್ದು ಕೊಟ್ರು. ಕೂಸಿಗೆ ಕೆಮ್ಮು ಹತ್ತಿತು. ಉಳೀಲಿಲ್ಲ. ಬಂದೋರ್ಯಾರೂ ಕೆಟ್ಟವರಲ್ಲ. ಎಲ್ಲಾರೂ ಪ್ರೀತಿಲೇ ಬಂದಿದ್ರು. ಸಣ್ಣಾಕಿ ಇದ್ದೆ, ಬಾಗಲಾ ಹಾಕ್ಕೊಳ್ಳಾಕ ಬಾಯಿ ಬರಲಿಲ್ಲ ನನಗ. ಆ ಕರಡಿ ಗವಿಗೆ ಬಾಗಲಾನ ಇಲ್ಲ. ದಾರಿ ತೋರಿಸಿದಾಕಿ ನಾನ. ಅದಕ್ಕ ಇವತ್ತು ಬಾಗಲಾ ಹಾಕಾಕ ಬಂದೀನಿ. ನಿಮ್ಮ ಕಾಲು ಬೀಳ್ತೀನಿ, ಹೋಗಬ್ಯಾಡ್ರಿ."

ಅಷ್ಟೇ ಹೇಳಿ ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಿರ್ಚಿ ಆರಿ ತಣ್ಣಗಾಯಿತು. ನಾಗಲಿಂಗಮ್ಮ ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದು ಹೋದಳು. ಹಿರಿಯ ಜೀವಕ್ಕೆ ಎಲ್ಲರೆದುರು ಮುಖಭಂಗವಾಯಿತಲ್ಲ ಎಂದು ಸುಮಂಗಲಾಗೆ ಸಂಕಟವಾಯಿತು.

ಮಂಗಳವಾರ ಬಸ್ಸು ಕಾನಹೊಸಹಳ್ಳಿಯಲ್ಲಿ ನಿಂತಾಗ ಗುಂಪಿರಲಿಲ್ಲ. ನಾಗಲಿಂಗಮ್ಮ ಒಬ್ಬಳೇ ಹತ್ತಿದಳು. ಕೈಯಲ್ಲಿ ಅದೇ ಡಬ್ಬಿ, ಅದೇ ವಾಸನೆ. ಸುಮಂಗಲಾ ಡಬ್ಬಿಯನ್ನೇ ನೋಡಿದಳು.

"ಎಲ್ಲಿಗೆ ಕೊಡ್ಲಿ ಅತ್ತಿ?"

"ಗುಡೇಕೋಟಿಗೆ ಕೊಡು. ಮಗಳ ಮನಿಗೆ ಹೊಂಟೀನಿ."

ಟಿಕೆಟ್ ಕೊಟ್ಟರೂ ನಂಬಿಕೆ ಬರಲಿಲ್ಲ. ಬನ್ನಿಗಿಡ ಹತ್ತಿರವಾಯಿತು. ನೌಕರಿಗೆ ಸೇರಿದಂದಿನಿಂದ ಮೊದಲ ಸಲ ಸುಮಂಗಲಾ ಸ್ಟಾಪಿನ ಹೆಸರು ಕೂಗಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಯಾರೂ ಏಳಲಿಲ್ಲ. "ರೈಟ್, ರೈಟ್" ಎಂದಳು ಮೆಲ್ಲಗೆ. ತಂಗುದಾಣ ಖಾಲಿಯಾಗಿ ಹಿಂದೆ ಸರಿಯಿತು. ನಾಗಲಿಂಗಮ್ಮ ಅತ್ತ ತಿರುಗಿಯೂ ನೋಡದೆ ಡಬ್ಬಿ ಬಿಚ್ಚಿದಳು.

"ಇಲ್ಲಿ ಬಾ ಯವ್ವಾ. ಕೂಸು ಹೋದಮ್ಯಾಲ ನಿನಗ ಯಾರರ ಉಂಡಿ ಕೊಟ್ರೇನು?"

ಸುಮಂಗಲಾ ಇಲ್ಲವೆಂದು ತಲೆಯಾಡಿಸಿದಳು. ಕೂಸು ಹೋದ ಮರುದಿನವೇ ಗಂಡನ ತಾಯಿ ಉಂಡಿಯ ಡಬ್ಬಿಯನ್ನು ಓಣಿಯವರಿಗೆ ಹಂಚಿದ್ದರು. ಕೂಸಿಲ್ಲದವಳಿಗೆ ಎಂಥ ಬಾಣಂತನ ಎಂದಿದ್ದರು. ಅದನ್ನು ಆಕೆ ಮಾರೇಶನಿಗೂ ಹೇಳಿರಲಿಲ್ಲ.

"ಕೊಟ್ಟಿರಂಗಿಲ್ಲ ಅಂತ ನನಗ ಗೊತ್ತಿತ್ತು," ಎಂದಳು ನಾಗಲಿಂಗಮ್ಮ. "ಕೂಸು ಇರ್ಲಿ ಬಿಡ್ಲಿ, ಹಡದಾಕಿ ಹಡದಾಕಿನ. ತಿನ್ನು, ನನ್ನ ಮುಂದ ತಿನ್ನು."

ಸುಮಂಗಲಾ ಟಿಕೆಟ್ ಮಷೀನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ತಿಂದಳು. ಕಣ್ಣಲ್ಲಿ ನೀರು ಸುರಿಯಿತು. ಈ ಸಲ ದೂಳೆಂದು ಹೇಳಲಿಲ್ಲ. ಹಿಂದಿನ ಸೀಟಿನಿಂದ ಯಾರೋ, "ಕಂಡಕ್ಟ್ರಮ್ಮ, ಟಿಕೆಟ್ ಕೊಡ್ರಿ ಲಗೂನ!" ಎಂದು ಕೂಗಿದರು.

ನಾಗಲಿಂಗಮ್ಮ ಹಿಂದೆ ತಿರುಗಿ ಗದರಿದಳು. "ತಡಕೊಳ್ರಿ ಒಂದೀಟು. ಬಾಣಂತಿ ಉಣ್ಣಾಕತ್ಯಾಳ."